ವೇರಿಯಬಲ್ ಎನ್‌ಡಿ ಫಿಲ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ವಿಡಿಯೊ ಮಾಡುವಾಗ, ಮಲೆನಾಡಿನ ಹಳ್ಳ-ಜಲಪಾತಗಳ ಎದುರು ನಿಂತಾಗ, ಕಡಲ ತೀರಕ್ಕೆ ಹೋದಾಗ ನನ್ನ ಬ್ಯಾಗಿನಲ್ಲಿ ಎನ್‌ಡಿ ಫಿಲ್ಟರ್ ಇದ್ದೇ ಇರುತ್ತದೆ. ಹೊಸದಾಗಿ ಕ್ಯಾಮೆರಾ ಕೊಂಡ ಗೆಳೆಯರು ಇದರ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಕೊಳ್ಳುವ ಮೊದಲು ಒಮ್ಮೆ ಓದಿಕೊಳ್ಳಿ.

ಎನ್‌ಡಿ ಫಿಲ್ಟರ್ ಅಂದರೇನು? ವೇರಿಯಬಲ್ ಅನ್ನುವುದು ಯಾಕೆ?

ಎನ್‌ಡಿ ಅಂದರೆ ನ್ಯೂಟ್ರಲ್ ಡೆನ್ಸಿಟಿ. ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು. ಬಣ್ಣ ಕೆಡಿಸದೆ ಬೆಳಕನ್ನು ಮಾತ್ರ ಕಡಿಮೆ ಮಾಡುವುದು ಅದರ ಕೆಲಸ. ಮಾಮೂಲಿ ಎನ್‌ಡಿ ಎಷ್ಟು ಕಪ್ಪಿದೆಯೋ ಅಷ್ಟೇ. ಜಾಸ್ತಿ ಬೇಕು, ಕಡಿಮೆ ಬೇಕು ಅಂದರೆ ಬಿಚ್ಚಿ ಬೇರೆಯದನ್ನು ಹಾಕಬೇಕು. ವೇರಿಯಬಲ್ ಎನ್‌ಡಿಯಲ್ಲಿ ಮುಂದಿನ ರಿಂಗ್ ತಿರುಗಿಸಿದರೆ ಸಾಕು, ಗಾಜು ಕಪ್ಪಾಗುತ್ತಾ ಅಥವಾ ತಿಳಿಯಾಗುತ್ತಾ ಹೋಗುತ್ತದೆ.

ಬಿಸಿಲು ಜಾಸ್ತಿ ಇದ್ದರೆ ಶಟರ್ ಸ್ಪೀಡ್ ಏರಿಸಿದರೆ ಆಯಿತಲ್ಲ? ಫಿಲ್ಟರ್ ಯಾಕೆ ಬೇಕು?

ಫೋಟೊಗೆ ಆದರೆ ಬಹಳ ಸಲ ಹಾಗೇ ಮಾಡಬಹುದು. ವಿಡಿಯೊಗೆ ಹಾಗೆ ಮಾಡಿದರೆ ಚೆನ್ನಾಗಿ ಕಾಣುವುದಿಲ್ಲ.

ವಿಡಿಯೊದಲ್ಲಿ ಚಲನೆ ಸಹಜವಾಗಿ ಕಾಣಬೇಕಾದರೆ ಶಟರ್ ಸ್ಪೀಡ್ ಫ್ರೇಮ್ ರೇಟಿನ ಎರಡರಷ್ಟು ಇರಬೇಕು ಅನ್ನುವುದು ಹಳೆಯ ರೂಢಿ. ಸೆಕೆಂಡಿಗೆ 25 ಫ್ರೇಮ್ ಆದರೆ 1/50. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿನುಗೂ ಕಾಟ ಕೊಡುವುದಿಲ್ಲ. 1/2000ಕ್ಕೆ ಏರಿಸಿ ನೋಡಿ. ನಡೆಯುವವರು, ಕುಣಿಯುವವರು ಎಲ್ಲ ತುಂಡು ತುಂಡಾಗಿ ಕಾಣುತ್ತಾರೆ. ಡೊಳ್ಳು ಬಾರಿಸುವ ಕೈ ಕುಪ್ಪಳಿಸಿದ ಹಾಗೆ ಕಾಣುತ್ತದೆ.

ಈಗ ಲೆಕ್ಕ ನೋಡೋಣ. ಸುಡು ಬಿಸಿಲಿನಲ್ಲಿ ಎಫ್ 16 (ಇದು ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣ) ಇಟ್ಟರೆ, ಐಎಸ್‌ಒ 100ಕ್ಕೆ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಶಟರ್ ಸುಮಾರು 1/100 ಬರುತ್ತದೆ. ಇದು ಫಿಲಂ ಕಾಲದಿಂದ ಬಂದ ಲೆಕ್ಕ, ಇವತ್ತಿಗೂ ಸರಿಯಾಗಿದೆ. ಹಿನ್ನೆಲೆ ಮಸುಕಾಗಲಿ ಎಂದು ಎಫ್ 2.8ಕ್ಕೆ ತೆರೆದರೆ 5 ಸ್ಟಾಪ್ ಬೆಳಕು ಜಾಸ್ತಿ ಬಂತು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವುದು), ಶಟರ್ 1/3200ಕ್ಕೆ ಹೋಯಿತು. ಅದನ್ನು 1/50ಕ್ಕೆ ಇಳಿಸಲು 6 ಸ್ಟಾಪ್ ಬೆಳಕನ್ನು ತಡೆಯಬೇಕು. ಲಾಗ್ ಪ್ರೊಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಿಕೊಳ್ಳಲು ಮಂಕಾಗಿ ದಾಖಲಿಸುವ ಕ್ರಮ) ಚಿತ್ರೀಕರಿಸುವವರ ಕ್ಯಾಮೆರಾ ಐಎಸ್‌ಒ 800ಕ್ಕಿಂತ ಕೆಳಗೆ ಇಳಿಯದಿದ್ದರೆ ಇನ್ನೂ 3 ಸ್ಟಾಪ್ ಸೇರಿಸಿ, 9 ಆಯಿತು. ಫಿಲ್ಟರ್ ಇಲ್ಲದೆ ಇದನ್ನು ತಡೆಯಲು ಬೇರೆ ದಾರಿ ಇಲ್ಲ.

ಇನ್ನು ವೇರಿಯಬಲ್ ಯಾಕೆ? ಕಾಶಿಯಾತ್ರೆ ನೆನಪಿಸಿಕೊಳ್ಳಿ. ಮದುಮಗ ಕೊಡೆ ಹಿಡಿದು ಕಲ್ಯಾಣ ಮಂಟಪದ ಒಳಗಿನಿಂದ ಹೊರಡುತ್ತಾನೆ, ಚಪ್ಪರ ದಾಟಿ ಬಿಸಿಲಿಗೆ ಬರುತ್ತಾನೆ, ಹುಡುಗಿಯ ತಂದೆ ತಡೆದು ನಿಲ್ಲಿಸಿ ವಾಪಸ್ ಒಳಗೆ ಕರೆತರುತ್ತಾರೆ. ಕೆಲವೇ ನಿಮಿಷದಲ್ಲಿ ಬೆಳಕು ಎರಡು ಸಲ ಪೂರ್ತಿ ಬದಲಾಗುತ್ತದೆ. ನಡುವೆ ಫಿಲ್ಟರ್ ಬಿಚ್ಚಿ ಹಾಕಲು ಯಾರೂ ಕಾಯುವುದಿಲ್ಲ. ಎಡಗೈಯಲ್ಲಿ ರಿಂಗ್ ತಿರುಗಿಸುತ್ತಾ ಜೊತೆಗೇ ನಡೆಯಬೇಕು. ವೇರಿಯಬಲ್ ಎನ್‌ಡಿ ಇರುವುದೇ ಇಂಥ ಹೊತ್ತಿಗೆ.

ಅದರ ಒಳಗೆ ಏನಿದೆ? ಗಾಜು ಹೇಗೆ ಕಪ್ಪಾಗುತ್ತದೆ?

ಒಳಗಿರುವುದು ಎರಡು ಪೋಲರೈಸರ್‌ಗಳು, ಒಂದರ ಹಿಂದೆ ಒಂದು. ಬೆಳಕು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತಾ ಬರುತ್ತದೆ. ಪೋಲರೈಸರ್ ಒಂದು ದಿಕ್ಕಿನ ಕಂಪನವನ್ನು ಮಾತ್ರ ಬಿಡುತ್ತದೆ. ಸರಳುಗಳ ಕಿಟಕಿ ಇದ್ದ ಹಾಗೆ ಎಂದುಕೊಳ್ಳಿ. ಎರಡು ಕಿಟಕಿಯ ಸರಳುಗಳೂ ಒಂದೇ ದಿಕ್ಕಿಗಿದ್ದರೆ, ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದನ್ನೂ ದಾಟುತ್ತದೆ. ಒಂದನ್ನು ತಿರುಗಿಸುತ್ತಾ ಹೋದರೆ ತಡೆ ಹೆಚ್ಚುತ್ತದೆ. 90 ಡಿಗ್ರಿ ಆದಾಗ ಹೆಚ್ಚುಕಮ್ಮಿ ಕತ್ತಲೆ.

ಇದರ ಹಿಂದಿನ ನಿಯಮವನ್ನು ಫ್ರಾನ್ಸಿನ ಎತಿಯೆನ್ ಲೂಯಿ ಮಾಲ್ಯುಸ್ 1809ರ ಹೊತ್ತಿಗೇ ಕಂಡುಕೊಂಡಿದ್ದರು. ಎರಡನೆಯ ಪೋಲರೈಸರ್ ಎಷ್ಟು ಬೆಳಕು ಬಿಡುತ್ತದೆ ಅನ್ನುವುದು ಅವೆರಡರ ನಡುವಿನ ಕೋನದ ಕೊಸೈನಿನ ವರ್ಗದಷ್ಟು. ಗಣಿತ ಬೇಡ ಅನ್ನುವವರೂ ಇದರಿಂದ ಬರುವ ಅಂಕಿಗಳನ್ನು ನೋಡಲೇಬೇಕು. ಫಿಲ್ಟರಿನ ಗುಣ-ದೋಷ ಎರಡೂ ಅಲ್ಲೇ ಇವೆ. 45 ಡಿಗ್ರಿ ತಿರುಗಿಸಿದರೆ 1 ಸ್ಟಾಪ್ ಕಡಿಮೆ. 60 ಡಿಗ್ರಿಗೆ 2 ಸ್ಟಾಪ್. 69ಕ್ಕೆ 3. 75ರ ಆಸುಪಾಸು 4. ಸುಮಾರು 80ಕ್ಕೆ 5. 83ಕ್ಕೆ 6. ಮೊದಲ ಒಂದು ಸ್ಟಾಪಿಗೆ 45 ಡಿಗ್ರಿ ತಿರುಗಿಸಿದ ಕೈ, 5ರಿಂದ 6ಕ್ಕೆ ಹೋಗಲು 3 ಡಿಗ್ರಿ ತಿರುಗಿಸಿದರೆ ಸಾಕು. ಅದಕ್ಕೇ ಕೊನೆಯಲ್ಲಿ ಸ್ವಲ್ಪ ಕೈ ಅಲುಗಿದರೂ ಚಿತ್ರ ಧಡಕ್ಕನೆ ಕಪ್ಪಾಗುವುದು. ಒಳ್ಳೆಯ ಫಿಲ್ಟರಿನ ಗೆರೆಗಳು ಕೊನೆಗೆ ಬರುತ್ತಾ ಹತ್ತಿರ ಹತ್ತಿರ ಇರುವುದೂ ಇದೇ ಕಾರಣಕ್ಕೆ.

ಇನ್ನೊಂದು ಮಾತು. ಮಾಮೂಲಿ ಬೆಳಕಿನ ಅರ್ಧವನ್ನು ಮೊದಲ ಪೋಲರೈಸರೇ ನುಂಗಿಬಿಡುತ್ತದೆ. ಹಾಗಾಗಿ ಯಾವ ವೇರಿಯಬಲ್ ಎನ್‌ಡಿಯೂ ಪೂರ್ತಿ ತಿಳಿಯಾಗುವುದಿಲ್ಲ. ಅತಿ ಕಡಿಮೆ ಅಂದರೂ 1 ಸ್ಟಾಪ್, ಬಹಳಷ್ಟರಲ್ಲಿ ಅದಕ್ಕಿಂತ ತುಸು ಜಾಸ್ತಿಯೇ ಹೋಗುತ್ತದೆ. ಮಂಟಪದ ಒಳಗೆ ಕತ್ತಲೆ ಇದ್ದರೆ ಫಿಲ್ಟರ್ ಬಿಚ್ಚುವುದೇ ಸರಿ.

ಚಿತ್ರದ ನಡುವೆ ದೊಡ್ಡ ಕಪ್ಪು ಎಕ್ಸ್ ಆಕಾರ ಬರುತ್ತಿದೆ. ಫಿಲ್ಟರ್ ಹಾಳಾಗಿದೆಯಾ?

ಹಾಳಾಗಿಲ್ಲ. ಇದು ಎರಡು ಪೋಲರೈಸರ್‌ಗಳ ಹುಟ್ಟುಗುಣ.

ಮೇಲೆ ಹೇಳಿದ ಲೆಕ್ಕ ನೇರವಾಗಿ ಬರುವ ಬೆಳಕಿಗೆ ಮಾತ್ರ ಸರಿ. ಮೂಲೆಗಳಿಂದ ಓರೆಯಾಗಿ ಬರುವ ಬೆಳಕಿಗೆ ಆ ಎರಡು ಗಾಜುಗಳ ನಡುವಿನ ಕೋನ ಬೇರೆಯೇ ಆಗಿರುತ್ತದೆ. ನೀವು 80 ಡಿಗ್ರಿಗೆ ಇಟ್ಟಿದ್ದರೂ ಒಂದು ಮೂಲೆಗೆ ಅದು 84 ಇದ್ದ ಹಾಗೆ, ಇನ್ನೊಂದು ಮೂಲೆಗೆ 76 ಇದ್ದ ಹಾಗೆ. ತಿಳಿ ಇರುವಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕಪ್ಪಿನ ತುದಿಯಲ್ಲಿ ಒಂದೊಂದು ಡಿಗ್ರಿಗೂ ಬೆಲೆ ಇದೆ, ಅಲ್ವಾ? ಅಲ್ಲಿ ಅದು ಅಡ್ಡಾದಿಡ್ಡಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಲೆನ್ಸ್ ವೈಡ್ ಆದಷ್ಟೂ ಬೆಳಕು ಓರೆಯಾಗಿ ಬರುತ್ತದೆ, ಎಕ್ಸ್ ಬೇಗ ಬರುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸಿಗೆ ಏನೂ ತೋರದ ಫಿಲ್ಟರ್, 16 ಮಿ.ಮೀ.ಗೆ ಅರ್ಧ ದಾರಿಯಲ್ಲೇ ತೋರಿಸಿಬಿಡಬಹುದು.

ನನಗೆ ಇದು ಗೊತ್ತಾಗಿದ್ದು ಒಂದು ಮದುವೆಯಲ್ಲಿ. ಕಡಿಮೆ ಬೆಲೆಗೆ ಸಿಕ್ಕಿದ ಒಂದು ಫಿಲ್ಟರನ್ನು ವೈಡ್ ಲೆನ್ಸಿಗೆ ಹಾಕಿ, ಬಿಸಿಲು ಜಾಸ್ತಿ ಎಂದು ಕೊನೆಯವರೆಗೆ ತಿರುಗಿಸಿದ್ದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ, ಹೊರಗಿನ ಬೆಳಕಿನಲ್ಲಿ, ಏನೂ ಕಾಣಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಹುಡುಗಿಯ ತಂದೆಯ ಮುಖದ ಮೇಲೆ, ಬಿಳಿ ಶಲ್ಯದ ಮೇಲೆ ಕಪ್ಪು ನೆರಳಿನಂಥ ಪಟ್ಟಿ. ಆ ಗಳಿಗೆಯನ್ನು ಮತ್ತೆ ಚಿತ್ರೀಕರಿಸಲು ಆಗುವುದಿಲ್ಲ. ಆ ಮನೆಯವರಿಗೆ ನಿಜ ಹೇಳಿ, ಬೇರೆ ಕೋನದಿಂದ ತೆಗೆದದ್ದನ್ನು ಜೋಡಿಸಿ ಕೊಟ್ಟೆ. ಇವತ್ತಿಗೂ ಅದರ ಬೇಸರ ಹೋಗಿಲ್ಲ.

ಹಾಗಾಗಿ ಹೊಸ ಫಿಲ್ಟರ್ ಬಂದ ದಿನವೇ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಇರುವುದರಲ್ಲೇ ಅತಿ ವೈಡ್ ಲೆನ್ಸಿಗೆ ಹಾಕಿ ಬಿಳಿ ಗೋಡೆಗೆ ತಿರುಗಿಸಿ. ರಿಂಗನ್ನು ಒಂದೊಂದೇ ಗೆರೆ ಸರಿಸುತ್ತಾ ಫೋಟೊ ತೆಗೆಯಿರಿ. ಯಾವ ಗೆರೆಯಿಂದ ಮೂಲೆಗಳು ಏರುಪೇರಾಗಲು ಶುರುವಾಯಿತು ಎಂದು ದೊಡ್ಡ ಪರದೆಯಲ್ಲಿ ನೋಡಿ, ಆ ಗೆರೆಯ ಪಕ್ಕ ಬಿಳಿ ಮಾರ್ಕರಿನಲ್ಲಿ ಚುಕ್ಕೆ ಇಡಿ. ಆ ಚುಕ್ಕೆ ದಾಟಬೇಡಿ.

ಡಬ್ಬದ ಮೇಲೆ ಎನ್‌ಡಿ 2-32, ಎನ್‌ಡಿ 2-400 ಎಂದೆಲ್ಲ ಇರುತ್ತದೆ. ಯಾವುದು ಒಳ್ಳೆಯದು?

ಆ ಸಂಖ್ಯೆ ಬೆಳಕು ಎಷ್ಟರಲ್ಲಿ ಒಂದು ಪಾಲು ಆಗುತ್ತದೆ ಅನ್ನುವುದು. ಎನ್‌ಡಿ 2 ಅಂದರೆ ಅರ್ಧ, 1 ಸ್ಟಾಪ್. ಎನ್‌ಡಿ 4 ಅಂದರೆ ಕಾಲು ಭಾಗ, 2 ಸ್ಟಾಪ್. ಎನ್‌ಡಿ 8ಕ್ಕೆ 3, ಎನ್‌ಡಿ 32ಕ್ಕೆ 5, ಎನ್‌ಡಿ 64ಕ್ಕೆ 6. ಎನ್‌ಡಿ 400 ಅಂದರೆ ಎಂಟೂವರೆ ಸ್ಟಾಪಿಗೂ ತುಸು ಜಾಸ್ತಿ, ಎನ್‌ಡಿ 1000 ಅಂದರೆ 10. ಕೆಲವರು 0.3, 0.6, 0.9 ಎಂದು ಬರೆಯುತ್ತಾರೆ. ಅಲ್ಲಿ ಪ್ರತಿ 0.3ಕ್ಕೆ ಒಂದು ಸ್ಟಾಪ್.

ಅಂಕಿ ದೊಡ್ಡದಿದ್ದರೆ ಮಾಲು ಒಳ್ಳೆಯದು ಎಂದು ತಿಳಿಯಬೇಡಿ. 2-400 ಎಂದು ಬರೆದ ಅಗ್ಗದ ಫಿಲ್ಟರಿನಲ್ಲಿ ಕೊನೆಯ ಎರಡು-ಮೂರು ಸ್ಟಾಪ್ ಬಳಸಲು ಬರುವುದಿಲ್ಲ, ಎಕ್ಸ್ ಬಂದಿರುತ್ತದೆ. ನನ್ನ ಮಾತು ಕೇಳುವುದಾದರೆ 2-32 ಅಥವಾ ಅದರ ಹತ್ತಿರದ ಕಡಿಮೆ ಹರವಿನದು, ಎರಡೂ ತುದಿಯಲ್ಲಿ ತಡೆ ಇರುವುದು, ಅಂದರೆ ರಿಂಗ್ ಒಂದು ಕಡೆ ಹೋಗಿ ಟಕ್ ಎಂದು ನಿಲ್ಲುವಂಥದ್ದು ಕೊಳ್ಳಿ. ತಡೆ ಇದ್ದರೆ ಎಕ್ಸ್ ಬರುವ ಜಾಗಕ್ಕೆ ಕೈ ಹೋಗುವುದೇ ಇಲ್ಲ, ಕಣ್ಣು ವ್ಯೂಫೈಂಡರಿನಲ್ಲೇ ಇಟ್ಟು ತಿರುಗಿಸಬಹುದು. ಇನ್ನೂ ಕಪ್ಪು ಬೇಕಾದವರಿಗೆ 6ರಿಂದ 9 ಸ್ಟಾಪಿನ ಇನ್ನೊಂದು ಜಾತಿ ಸಿಗುತ್ತದೆ. ಅದು ಹೊರಾಂಗಣಕ್ಕೆ ಮಾತ್ರ.

ಜಲಪಾತದ ನೀರು ಹಾಲಿನ ಹಾಗೆ ನುಣ್ಣಗೆ ಬರಬೇಕು. ಅದಕ್ಕೆ ವೇರಿಯಬಲ್ ಸಾಕಾ?

ಸಾಕಾಗುತ್ತದೆ. ಆದರೆ ಅದಕ್ಕೆಂದೇ ಕೊಳ್ಳುವುದಾದರೆ ಮಾಮೂಲಿ ಎನ್‌ಡಿಯನ್ನೇ ಕೊಳ್ಳಿ ಅನ್ನುತ್ತೇನೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇದೆ, ನೀರು ಓಡಿಹೋಗುವುದಿಲ್ಲ, ಅವಸರವಿಲ್ಲ. ಅಲ್ಲಿ ವೇರಿಯಬಲ್‌ನ ಅನುಕೂಲ ಬೇಕಿಲ್ಲ, ಅದರ ತೊಂದರೆಗಳನ್ನು ಸುಮ್ನೆ ಯಾಕೆ ಹೊರಬೇಕು? ಒಂದು 6 ಸ್ಟಾಪಿನ ಎನ್‌ಡಿ ಮಲೆನಾಡಿನ ಬಹುತೇಕ ಹಳ್ಳಗಳಿಗೆ ಸಾಕು.

ವೇರಿಯಬಲ್ ಒಂದೇ ಇದೆ ಅನ್ನುವವರು ಧೈರ್ಯವಾಗಿ ಬಳಸಿ. ಕಾಡಿನ ನೆರಳಿನಲ್ಲಿ ಐಎಸ್‌ಒ 100, ಎಫ್ 11 ಇಟ್ಟಾಗ 1/15 ಬರುತ್ತಿದೆ ಎಂದುಕೊಳ್ಳಿ. 1 ಸೆಕೆಂಡ್ ಬೇಕಾದರೆ 4 ಸ್ಟಾಪ್. ಅದು ಯಾವ ವೇರಿಯಬಲ್ ಎನ್‌ಡಿಗೂ ಕಷ್ಟವಲ್ಲ. ಫಿಲ್ಟರ್ ಬದಲು ಎಫ್ 22ಕ್ಕೆ ಮುಚ್ಚುವ ಅಭ್ಯಾಸ ಬೇಡ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಇಡೀ ಚಿತ್ರದ ಚೂಪು ಹೋಗುತ್ತದೆ.

ಎಷ್ಟು ಸೆಕೆಂಡ್ ಅನ್ನುವುದು ನೀರಿಗೆ ಬಿಟ್ಟಿದ್ದು. ಕಲ್ಲುಗಳ ನಡುವೆ ಇಳಿಯುವ ತೆಳು ಹಳ್ಳಕ್ಕೆ ಅರ್ಧ ಸೆಕೆಂಡಿನಿಂದ 2 ಸೆಕೆಂಡ್ ಚೆಂದ. ಮಳೆಗಾಲದ ಜೋಗಕ್ಕೆ ಅದೇ ಅಳತೆ ಹಿಡಿಯಬೇಡಿ. 253 ಮೀಟರ್ ಮೇಲಿಂದ ಶರಾವತಿ ಮೈತುಂಬಿ ಬೀಳುವಾಗ 2 ಸೆಕೆಂಡ್ ಇಟ್ಟರೆ ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ಬಿಳಿ ಬಟ್ಟೆ ನೇತುಹಾಕಿದ ಹಾಗೆ ಆಗುತ್ತವೆ. ರಾಕೆಟ್‌ಗೆ ಆ ಹೆಸರು ತಂದುಕೊಟ್ಟ ಚಿಮ್ಮುವಿಕೆಯೇ ಕಳೆದುಹೋಗುತ್ತದೆ. ಅಲ್ಲಿ ನಾನು 1/15ರಿಂದ 1/4ರ ಒಳಗೇ ಇರುತ್ತೇನೆ. ನೀರಿನ ಎಳೆಗಳು ಉಳಿಯುತ್ತವೆ, ರಭಸವೂ ಉಳಿಯುತ್ತದೆ. ಜೋಗದಲ್ಲಿ ಮಂಜು ಬಂದು ಮುಚ್ಚಿ, ಮತ್ತೆ ತೆರೆದು, ಬೆಳಕು ಗಳಿಗೆಗೊಂದು ಥರ ಇರುತ್ತದೆ. ಹಾಗಾಗಿ ಆ ಒಂದು ಜಾಗದಲ್ಲಿ ವೇರಿಯಬಲ್ ಇದ್ದರೆ ಅನುಕೂಲವೇ.

ಕಡಲಿನ ಅಲೆಗಳನ್ನು ಹೊಗೆಯ ಹಾಗೆ ಮಾಡಲು 30 ಸೆಕೆಂಡ್, ಒಂದು ನಿಮಿಷ ಬೇಕು. ಹಗಲಿನಲ್ಲಿ ಅದಕ್ಕೆ 10 ಸ್ಟಾಪಿನ ಮಾಮೂಲಿ ಎನ್‌ಡಿಯೇ ಆಗಬೇಕು.

ಬಳಸುವ ಕ್ರಮ ಹೇಗೆ?

ವೇರಿಯಬಲ್‌ನ ದೊಡ್ಡ ಸುಖ ಇಲ್ಲಿದೆ. ಮೊದಲು ತಿಳಿ ತುದಿಗೆ ತಿರುಗಿಸಿ. ಫ್ರೇಮ್ ಕಟ್ಟಿ, ಫೋಕಸ್ ಮಾಡಿ, ಫೋಟೊ ಆದರೆ ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿ. ಆಮೇಲೆ ಐಎಸ್‌ಒ, ಅಪರ್ಚರ್, ಶಟರ್ ಮೂರನ್ನೂ ನಿಮಗೆ ಬೇಕಾದಲ್ಲಿ ನಿಲ್ಲಿಸಿ, ಎಕ್ಸ್‌ಪೋಶರ್ ಸರಿಹೋಗುವವರೆಗೆ ರಿಂಗ್ ತಿರುಗಿಸಿ. ಗೆರೆಗಳನ್ನು ನಂಬಬೇಡಿ, ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪು-ಬಿಳುಪು ಎಷ್ಟೆಷ್ಟಿದೆ ಎಂದು ಪರದೆಯಲ್ಲಿ ತೋರಿಸುವ ನಕ್ಷೆ) ನಂಬಿ. ಡಿಎಸ್‌ಎಲ್‌ಆರ್ ಆಗಿದ್ದು ಕೆಲವು ಸೆಕೆಂಡುಗಳ ಎಕ್ಸ್‌ಪೋಶರ್ ಆದರೆ ಹಿಂದಿನ ವ್ಯೂಫೈಂಡರನ್ನು ಬಟ್ಟೆಯಿಂದ ಮುಚ್ಚಿ, ಅಲ್ಲಿಂದಲೂ ಬೆಳಕು ನುಗ್ಗುತ್ತದೆ.

ಫಿಲ್ಟರ್ ಹಾಕಿದರೆ ಚಿತ್ರ ಹಳದಿ ಅಥವಾ ಕಂದು ಆಗುತ್ತದೆ. ಯಾಕೆ?

ಪೋಲರೈಸರ್ ಹಾಳೆಗಳು ಎಲ್ಲ ಬಣ್ಣವನ್ನೂ ಒಂದೇ ಸಮ ತಡೆಯುವುದಿಲ್ಲ. ಕಪ್ಪಾದಷ್ಟೂ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನಂತೂ ಅವು ಸರಿಯಾಗಿ ತಡೆಯುವುದೇ ಇಲ್ಲ. ಹಾಗಾಗಿ ಕಪ್ಪು ಕೋಟು ಕೆಲವು ಸಲ ಕಂದು ಕೆಂಪಾಗಿ ಬರುತ್ತದೆ. ಬೂದು ಕಾರ್ಡ್ ಹಿಡಿದು, ಫಿಲ್ಟರ್ ಹಾಕಿದ ಮೇಲೆ, ಅದೇ ಕಪ್ಪಿನಲ್ಲಿ ವೈಟ್ ಬ್ಯಾಲೆನ್ಸ್ ಇಡಿ. ಆಟೋದಲ್ಲಿ ಬಿಟ್ಟರೆ ನಡುವೆ ಬಣ್ಣ ಓಡಾಡುತ್ತದೆ. ರೇಷ್ಮೆ ಸೀರೆಯ ಬಣ್ಣ ಒಂದು ಕ್ಲಿಪ್ಪಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಆದರೆ ಮನೆಯವರು ಮೊದಲು ಕೇಳುವುದೇ ಅದನ್ನು.

ಆಕಾಶದ ಒಂದು ಭಾಗ ಮಾತ್ರ ಕಡು ನೀಲಿ ಆಗುತ್ತದೆ.

ಇದು ಎಕ್ಸ್ ಅಲ್ಲ. ನೀಲಿ ಆಕಾಶದ ಬೆಳಕು ತಾನೇ ಪೋಲರೈಸ್ ಆಗಿರುತ್ತದೆ, ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ ಅತಿ ಹೆಚ್ಚು. ಫಿಲ್ಟರಿನ ಮುಂದಿನ ಗಾಜು ಆ ಪಟ್ಟಿಯನ್ನು ಕಪ್ಪು ಮಾಡುತ್ತದೆ. ವೈಡ್ ಲೆನ್ಸಿನಲ್ಲಿ ಪಟ್ಟಿಯೂ ಅದರ ಆಚೀಚೆಯೂ ಒಟ್ಟಿಗೆ ಬರುವುದರಿಂದ ಕಲೆಯ ಹಾಗೆ ಕಾಣುತ್ತದೆ. ಆಕಾಶ ಕಡಿಮೆ ಇರುವಂತೆ ಫ್ರೇಮ್ ಮಾಡಿ ಅಥವಾ ಲೆನ್ಸ್ ಉದ್ದ ಮಾಡಿ.

ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಇದೆ. ಅದರ ಮೇಲೆ ವೇರಿಯಬಲ್ ಎನ್‌ಡಿ ಹಾಕಬಹುದಾ?

ಬೇಡ. ಮೂರನೆಯ ಪೋಲರೈಸರ್ ಸೇರಿದರೆ ಯಾವುದು ಏನು ಮಾಡುತ್ತಿದೆ ಎಂದೇ ತಿಳಿಯುವುದಿಲ್ಲ. ಯುವಿ ಫಿಲ್ಟರ್ ಇದ್ದರೆ ಅದನ್ನೂ ತೆಗೆದಿಡಿ.

ನನ್ನ ಮೂರು ಲೆನ್ಸಿಗೂ ಮೂರು ಅಳತೆ. ಮೂರು ಫಿಲ್ಟರ್ ಕೊಳ್ಳಬೇಕಾ?

ಒಂದೇ ಸಾಕು. ಲೆನ್ಸಿನ ಮೇಲೆ ವೃತ್ತಕ್ಕೆ ಗೀಟು ಹಾಕಿದ ಗುರುತಿನ ಪಕ್ಕ 49, 55, 67, 77, 82 ಎಂದೇನಾದರೂ ಇರುತ್ತದೆ, ಅದು ಮಿಲಿಮೀಟರ್ ಲೆಕ್ಕ. ನಿಮ್ಮ ಅತಿ ದೊಡ್ಡ ಲೆನ್ಸಿನ ಅಳತೆಗೆ, ಅಥವಾ ಒಂದು ಹೆಜ್ಜೆ ಮೇಲಿನದಕ್ಕೆ ಫಿಲ್ಟರ್ ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ತೆಗೆದುಕೊಳ್ಳಿ. ರಿಂಗಿನ ಬೆಲೆ ತೀರಾ ಕಡಿಮೆ. ಉಳಿದ ಹಣವನ್ನೆಲ್ಲ ಆ ಒಂದು ಫಿಲ್ಟರಿಗೇ ಹಾಕಿ. ಲೆನ್ಸ್ ಹುಡ್ ಹಾಕಲು ಆಗುವುದಿಲ್ಲ, ಬಿಸಿಲು ನೇರ ಬೀಳುತ್ತಿದ್ದರೆ ಕೈ ಅಡ್ಡ ಹಿಡಿಯಿರಿ.

ಫೋಕಸ್, ಚೂಪು ಕಡಿಮೆ ಆಗುತ್ತದಾ?

ಒಳ್ಳೆಯ ಗಾಜಾದರೆ ಗೊತ್ತೇ ಆಗುವುದಿಲ್ಲ. ಅಗ್ಗದ್ದು ವೈಡ್ ಲೆನ್ಸಿನಲ್ಲಿ ಸರಿ ಇದ್ದು, 200 ಮಿ.ಮೀ. ಟೆಲಿಯಲ್ಲಿ ಮಂಕು ತೋರಿಸಬಹುದು. ಬೆಳಕು ತೀರಾ ಕಡಿಮೆ ಆದರೆ ಆಟೋಫೋಕಸ್ ತಡವರಿಸುತ್ತದೆ.

ಫ್ಲ್ಯಾಶ್ ಜೊತೆ ಬಳಸಬಹುದಾ?

ಬಳಸಬಹುದು. ಬಹುತೇಕ ಕ್ಯಾಮೆರಾಗಳ ಫ್ಲ್ಯಾಶ್ ಸಿಂಕ್ (ಮಾಮೂಲಿ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) 1/200ರ ಆಸುಪಾಸು. ಬಿಸಿಲಿನಲ್ಲಿ ಎಫ್ 2.8 ಬೇಕು, ಫ್ಲ್ಯಾಶೂ ಬೇಕು ಅನ್ನುವವರಿಗೆ ಎನ್‌ಡಿ ದಾರಿ ಮಾಡಿಕೊಡುತ್ತದೆ. ಫಿಲ್ಟರ್ ಫ್ಲ್ಯಾಶಿನ ಬೆಳಕನ್ನೂ ಅಷ್ಟೇ ತಡೆಯುತ್ತದೆ, ಹಾಗಾಗಿ ತೆರೆದ ಅಪರ್ಚರಿನಲ್ಲೂ ಫ್ಲ್ಯಾಶ್ ದುಡಿಯಲೇಬೇಕು. ಮುಖದ ಹೊಳಪು ರಿಂಗ್ ತಿರುಗಿಸಿದಂತೆ ಬದಲಾಗುವುದನ್ನು ಗಮನಿಸಿ. ಅತಿಯಾದರೆ ಚರ್ಮ ಜೀವವಿಲ್ಲದ ಹಾಗೆ ಕಾಣುತ್ತದೆ.

ಮೊಬೈಲಿಗೂ ಬೇಕಾ? ಕ್ಯಾಮೆರಾದ ಒಳಗೇ ಬರುವುದಿಲ್ಲವಾ?

ಬಹುತೇಕ ಮೊಬೈಲ್ ಲೆನ್ಸಿನ ಅಪರ್ಚರ್ ಬದಲಿಸಲು ಬರುವುದಿಲ್ಲ, ಆದ್ದರಿಂದ ಬಿಸಿಲಿನ ವಿಡಿಯೊಗೆ ಕ್ಲಿಪ್ ಮಾಡುವ ಎನ್‌ಡಿ ನಿಜಕ್ಕೂ ಉಪಯೋಗ. ಸೋನಿಯ ಎಫ್‌ಎಕ್ಸ್6ನಂಥ ಸಿನಿಮಾ ಕ್ಯಾಮೆರಾಗಳ ಒಳಗೆ ಎಲೆಕ್ಟ್ರಾನಿಕ್ ವೇರಿಯಬಲ್ ಎನ್‌ಡಿ ಇದೆ, 2ರಿಂದ 7 ಸ್ಟಾಪ್. ಓಎಂ-1 ಕ್ಯಾಮೆರಾ ಹಲವು ಫ್ರೇಮುಗಳನ್ನು ಸೇರಿಸಿ ಎನ್‌ಡಿ 64ರವರೆಗಿನ ಪರಿಣಾಮವನ್ನು ತಾನೇ ಕೊಡುತ್ತದೆ, ಆದರೆ ಅದು ಫೋಟೊಗೆ.

ಇದರ ಮೂಲಕ ಸೂರ್ಯನನ್ನು, ಗ್ರಹಣವನ್ನು ನೋಡಬಹುದಾ?

ಖಂಡಿತ ಬೇಡ. ಕಣ್ಣಿಗೆ ಕಪ್ಪಾಗಿ ಕಂಡರೂ ಇನ್‌ಫ್ರಾರೆಡ್ ಒಳಗೆ ಬರುತ್ತಲೇ ಇರುತ್ತದೆ. ಸೂರ್ಯನಿಗೆಂದೇ ಮಾಡಿದ ಫಿಲ್ಟರ್‌ಗಳು ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತವೆ, ಅಂದರೆ 16 ಸ್ಟಾಪಿಗೂ ಜಾಸ್ತಿ. ವೇರಿಯಬಲ್ ಎನ್‌ಡಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮಕ್ಕಳ ಕೈಗೆ ಕೊಡುವಾಗ ಇದನ್ನು ಹೇಳಿಯೇ ಕೊಡಿ.

ಮಳೆಗಾಲದಲ್ಲಿ ಹೇಗೆ ಕಾಪಾಡುವುದು? ಲೆನ್ಸಿಗೆ ಅಂಟಿಕೊಂಡರೆ?

ಎರಡು ಗಾಜುಗಳ ನಡುವೆ ತೇವ ಸೇರಿದರೆ ಒರೆಸಲು ಬರುವುದಿಲ್ಲ. ನೆನೆದ ಫಿಲ್ಟರನ್ನು ಡಬ್ಬಕ್ಕೆ ತುರುಕಬೇಡಿ. ಒಣಬಟ್ಟೆಯಲ್ಲಿ ಒತ್ತಿ, ಗಾಳಿಗೆ ಇಟ್ಟು, ಆಮೇಲೆ ಸಿಲಿಕಾ ಜೆಲ್ ಜೊತೆ ಇಡಿ. ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಕಡಲ ತೀರದ ಮರಳು ರಿಂಗಿಗೆ ಸೇರಿದರೆ ಕರಕರ ಅನ್ನುತ್ತದೆ, ಮೊದಲು ಬ್ಲೋವರಿನಲ್ಲಿ ಊದಿ. ಅಂಟಿಕೊಂಡ ಫಿಲ್ಟರನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಂಡಿದರೆ ರಿಂಗ್ ಅಂಡಾಕಾರವಾಗಿ ಇನ್ನೂ ಕಚ್ಚಿಕೊಳ್ಳುತ್ತದೆ. ಹಿಂದಿನ ರಿಂಗಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಸುತ್ತಲೂ ಹಗುರವಾಗಿ ಹಿಡಿದು ತಿರುಗಿಸಿ.

ಜಲಪಾತದ ಮುಂದೆ ಕಾಮನಬಿಲ್ಲು ಕಣ್ಣಿಗೆ ಕಾಣುತ್ತಿತ್ತು. ಫೋಟೊದಲ್ಲಿ ಇಲ್ಲ! ಫಿಲ್ಟರ್ ನುಂಗಿತಾ?

ಹೌದು, ಅದೇ ನುಂಗಿದ್ದು. ಕಾಮನಬಿಲ್ಲಿನ ಬೆಳಕು ಬಲವಾಗಿ ಪೋಲರೈಸ್ ಆಗಿರುತ್ತದೆ, ಬಿಲ್ಲಿನ ಬಾಗು ಎತ್ತ ಹೋಗುತ್ತದೋ ಅದೇ ದಿಕ್ಕಿಗೆ. ಬಿಲ್ಲಿನ ನೆತ್ತಿಯಲ್ಲಿ ಅಡ್ಡ, ಕಾಲುಗಳಲ್ಲಿ ಹೆಚ್ಚುಕಮ್ಮಿ ಉದ್ದ. ನಿಮ್ಮ ಫಿಲ್ಟರಿನ ಮುಂದಿನ ಗಾಜು ಯಾವ ದಿಕ್ಕಿಗೆ ನಿಂತಿದೆಯೋ ಅದರ ಮೇಲೆ ಬಿಲ್ಲಿನ ಒಂದು ಭಾಗ ಹೊಳೆಯುತ್ತದೆ, ಇನ್ನೊಂದು ಮಾಯವಾಗುತ್ತದೆ. ರಿಂಗ್ ತಿರುಗಿಸಿ ಬಿಲ್ಲನ್ನು ವಾಪಸ್ ತಂದರೆ ಎಕ್ಸ್‌ಪೋಶರ್ ಕೆಡುತ್ತದೆ.

ಇದಕ್ಕೆ ಒಂದು ಉಪಾಯವಿದೆ. ಮುಂದಿನ ರಿಂಗನ್ನು ಮುಟ್ಟದೆ, ಲೆನ್ಸಿಗೆ ಕೂರುವ ಹಿಂದಿನ ರಿಂಗನ್ನು ಹಿಡಿದು ಇಡೀ ಫಿಲ್ಟರನ್ನೇ ಕಾಲು ಸುತ್ತು ಸಡಿಲಿಸಿ. ಎರಡು ಗಾಜೂ ಒಟ್ಟಿಗೆ ತಿರುಗುತ್ತವೆ. ಅವುಗಳ ನಡುವಿನ ಕೋನ ಬದಲಾಗದ್ದರಿಂದ ಕಪ್ಪು ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ, ಆದರೆ ಮುಂದಿನ ಗಾಜಿನ ದಿಕ್ಕು ಬದಲಾಗುತ್ತದೆ. ಬಿಲ್ಲು ನಿಧಾನಕ್ಕೆ ಮೂಡಿ ಬರುವುದು ಪರದೆಯಲ್ಲೇ ಕಾಣುತ್ತದೆ. ಒದ್ದೆ ಎಲೆ, ಒದ್ದೆ ಬಂಡೆಯ ಹೊಳಪು ಕಡಿಮೆ ಮಾಡಲೂ, ಆಕಾಶದ ಕಪ್ಪು ಪಟ್ಟಿ ಸರಿಸಲೂ ಇದನ್ನೇ ಮಾಡಬಹುದು. ಒಂದು ಕೈ ಕೆಳಗೆ ಹಿಡಿದುಕೊಂಡಿರಿ, ಸಡಿಲಾದ ಫಿಲ್ಟರ್ ಜಾರಿ ನೀರಿಗೆ ಬೀಳದಿರಲಿ.